ಎರಿಯ ದಂಡೆಯ ಮೇಲಿನ ಎರಡು ಊರು

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಯಾರಾದರೊಬ್ಬ ಕವಿಯ ಮನೆಯ ಮೇಲೆ ಬೀಳುತ್ತದೆ ಎಂಬ ಚಾಟು ಮಾತು ಹಳೆಯದು. ಆ ಕವಿ ಯಾರೆಂದು ಕೇಳಿದವರಿದ್ದಾರೆ, ಮನೆ ಸಾಧನಕೇರಿಯಲ್ಲೋ ಮಾಳಮಡ್ಡಿಯಲ್ಲೋ ಎಂದು ವಿಚಾರಿಸಿದವರೂ ಇದ್ದಾರೆ. ಒಗೆದ ಕಲ್ಲು ಯಾವುದೆಂದು ಕೇಳಿದವರು ಅಪರೂಪ. ಸೋಜಿಗವೆಂದರೆ ಈ ಊರಿನ ಹೆಸರನ್ನು ಕನ್ನಡ ಗೊತ್ತಿಲ್ಲದ ದೇಶಗಳಿಗೂ ಮುಟ್ಟಿಸಿದ್ದು ಆ ಕಲ್ಲೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ನೆಲವನ್ನು ಅಳೆದು ತೂಗಿ 1876ರಲ್ಲಿ ಒಂದು ದೊಡ್ಡ ವರದಿ ಪ್ರಕಟಿಸಿದರು. ಮುಂದಿನ ದಶಕದಲ್ಲಿ ಅವರು ದಕ್ಷಿಣ ಭಾರತದ ಅತಿ ಪುರಾತನ ಪದರಗಲ್ಲುಗಳ ಇಡೀ ಕುಲಕ್ಕೆ ‘ಧಾರವಾಡ’ ಎಂದೇ ಹೆಸರಿಟ್ಟರು. ಕೋಲಾರದ ಚಿನ್ನ, ಹಟ್ಟಿಯ ಚಿನ್ನ, ಸಂಡೂರಿನ ಕಬ್ಬಿಣ ಎಲ್ಲವೂ ಈ ಕುಲದ ಕಲ್ಲಿನಲ್ಲೇ ಹುದುಗಿವೆ. ಕರ್ನಾಟಕದ ಬಹುಪಾಲು ನೆಲಗಟ್ಟನ್ನು ಭೂವಿಜ್ಞಾನಿಗಳು ಇಂದಿಗೂ ‘ಧಾರವಾಡ ಕ್ರೇಟಾನ್’ ಎನ್ನುತ್ತಾರೆ. ಪೇಢೆಯ ರುಚಿ ನೋಡದವನೂ ಬೇಂದ್ರೆಯವರ ಹೆಸರು ಕೇಳದವನೂ ಆಸ್ಟ್ರೇಲಿಯಾದ ಗಣಿಯಲ್ಲಿ ಕೂತು ಧಾರವಾಡ ಎಂಬ ಶಬ್ದ ಬಳಸುತ್ತಾನೆ.

ಇಷ್ಟಾದರೂ ಹುಬ್ಬಳ್ಳಿ-ಧಾರವಾಡದಲ್ಲಿ ನೋಡುವಂಥದ್ದು ಏನಿದೆ ಎಂಬ ಪ್ರಶ್ನೆಗೆ ಊರವರೇ ತಡವರಿಸುತ್ತಾರೆ. ಹಂಪಿ, ಬಾದಾಮಿ, ವಿಜಯಪುರಗಳಿಗೆ ಹೊರಟವರು ಹುಬ್ಬಳ್ಳಿಯಲ್ಲಿ ರೈಲು ಇಳಿದು ಬಸ್ಸು ಹತ್ತುತ್ತಾರೆ. ಊರು ಅವರಿಗೆ ಕೂಡುದಾರಿ ಮಾತ್ರ. ಪ್ರವಾಸಿ ಕೈಪಿಡಿಗಳು ಉಣಕಲ್ ಕೆರೆ, ನೃಪತುಂಗ ಬೆಟ್ಟ, ಸಿದ್ಧಾರೂಢ ಮಠ, ಮೂರುಸಾವಿರ ಮಠ, ಧಾರವಾಡದ ಕಿಲ್ಲೆ ಎಂದು ಒಂದರ ಕೆಳಗೊಂದು ಬರೆದು, ಕೊನೆಗೆ ಪೇಢೆ ಕೊಳ್ಳಲು ಹೇಳಿ ಸುಮ್ಮನಾಗುತ್ತವೆ. ಹೆಸರುಗಳಲ್ಲಿ ತಪ್ಪಿಲ್ಲ. ಅವುಗಳನ್ನು ಒಂದಕ್ಕೊಂದು ಕಟ್ಟುವ ದಾರ ಆ ಪಟ್ಟಿಯಲ್ಲಿಲ್ಲ. ಈ ಲೇಖನದ ವಾದ ಇಷ್ಟೇ: ಆ ದಾರ ಕಾಲಡಿಯಲ್ಲಿದೆ. ಬಹಳ ಹಿಂದೆ ಆರಿದ ಜ್ವಾಲಾಮುಖಿಗಳು ಬಿಟ್ಟುಹೋದ ಕಲ್ಲು ಮತ್ತು ಎರಿ ಎಂಬ ಕಪ್ಪು ಮಣ್ಣು ಮುಗಿದು ಮಲೆನಾಡಿನ ಸೆರಗು ಶುರುವಾಗುವ ಗಡಿಯ ಮೇಲೆ ಈ ಅವಳಿನಗರ ಕೂತಿದೆ. ಇಲ್ಲಿಯ ಗುಡಿ, ಪೇಟೆ, ಕಿಲ್ಲೆ, ರೈಲು, ಹಬ್ಬಗಳನ್ನು ಆ ಗಡಿಯಿಂದ ಓದಿದರೆ ಬಿಡಿಬಿಡಿಯಾಗಿ ಕಾಣುವ ಸಂಗತಿಗಳು ಒಂದೇ ಚರಿತ್ರೆಯಾಗುತ್ತವೆ.

ಜ್ವಾಲಾಮುಖಿಯ ಪಕ್ಕದ ಐತಿಹಾಸಿಕ ನಗರ ಎಂದೊಡನೆ ಇಟಲಿಯ ನೇಪಲ್ಸ್ ನೆನಪಾಗುವುದು ಸಹಜ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಕಾರಿದ ಬೂದಿ ಪಾಂಪೆ ಎಂಬ ಊರನ್ನು ಮುಚ್ಚಿಹಾಕಿತು. ಇಂದು ಜನ ದುಡ್ಡು ಕೊಟ್ಟು ಆ ಅಳಿವನ್ನು ನೋಡಿಬರುತ್ತಾರೆ. ಭಾರತದಲ್ಲಿ ಇಂದಿಗೂ ಹೊಗೆಯಾಡುವ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಮಾತ್ರ, ಅಲ್ಲಿ ಮನುಷ್ಯರ ವಾಸವಿಲ್ಲ. ನಮ್ಮ ಸೀಮೆಯ ಬೆಂಕಿ ಬೇರೆ ಬಗೆಯದು, ಅದು ಎರಡು ಸಲ ಉರಿದು ಆರಿದೆ. ಮೊದಲನೆಯದು 260 ಕೋಟಿ ವರ್ಷಗಳಿಗೂ ಹಿಂದಿನದು. ಆಗ ನೀರಿನಡಿಯಲ್ಲಿ ಹರಿದ ಲಾವಾ, ಅದರ ಜೊತೆ ಕೂಡಿದ ಹೂಳು, ಮಣ್ಣು ಎಲ್ಲ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಡಚಿಕೊಂಡು ಧಾರವಾಡದ ಪದರಗಲ್ಲಾದವು. ಎರಡನೆಯದು ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಶಿಖರವಿಲ್ಲ, ಬಾಯಿಯಿಲ್ಲ, ನೆಲ ಬಿರಿದು ಬಿರುಕಿನಿಂದ ಉಕ್ಕಿದ ಲಾವಾ ಹಾಸಿನ ಮೇಲೆ ಹಾಸಾಗಿ ಹರಡಿತು. ಸವೆದು ಉಳಿದಿರುವ ಭಾಗವೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮಹಾರಾಷ್ಟ್ರದ ಬಹುಪಾಲನ್ನು ಹೊದ್ದು ಬೀದರ, ಕಲಬುರಗಿ, ವಿಜಯಪುರಗಳಿಗೆ ಇಳಿದು ಬೆಳಗಾವಿ ಜಿಲ್ಲೆಗೆ ಬರುವ ಈ ಕರಿಗಲ್ಲಿನ ಹಾಸು ದಕ್ಷಿಣಕ್ಕೆ ಮುಗಿಯುವುದು ಅಲ್ಲೇ. ಬೆಳಗಾವಿಯಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ಬರುವವರು ಒಂದು ಬೆಂಕಿಯ ನೆಲ ಬಿಟ್ಟು ಅದಕ್ಕಿಂತ ನಲವತ್ತು ಪಟ್ಟು ಹಳೆಯ ಇನ್ನೊಂದು ಬೆಂಕಿಯ ನೆಲಕ್ಕೆ ಕಾಲಿಡುತ್ತಾರೆ. ದಾರಿಯಲ್ಲಿ ಅದಕ್ಕೊಂದು ಫಲಕವಿಲ್ಲ.

ಇಲ್ಲಿಯೇ ಮೊದಲ ಆಕ್ಷೇಪಕ್ಕೆ ಉತ್ತರ ಕೊಡಬೇಕು. ಕಪ್ಪು ಮಣ್ಣೆಂದರೆ ದಖನಿನ ಲಾವಾ ಪುಡಿಯಾದದ್ದು ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೇವೆ. ಆ ಲಾವಾ ಬೆಳಗಾವಿಯ ಕಡೆಗೇ ನಿಂತಿದ್ದರೆ ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿಯ ಎರಿಗೂ ಜ್ವಾಲಾಮುಖಿಗೂ ಏನು ಸಂಬಂಧ? ಆಕ್ಷೇಪ ನ್ಯಾಯವಾದದ್ದು. ಈ ಭಾಗದ ಎರಿಮಣ್ಣೆಲ್ಲ ದಖನಿನ ಲಾವಾದ ಮಗುವಲ್ಲ. ಅದರಲ್ಲಿ ಬಹಳಷ್ಟು ಧಾರವಾಡದ ಪದರಗಲ್ಲೇ ಸವೆದು, ತಗ್ಗಿನಲ್ಲಿ ಕೂತು ಆದದ್ದು. ಸುಣ್ಣ ಹಾಗೂ ಕಬ್ಬಿಣದ ಅಂಶ ಹೆಚ್ಚಿರುವ ಕಲ್ಲು, ನೀರು ಬೇಗ ಹರಿದುಹೋಗದ ಬಯಲು, ಮಿತವಾದ ಮಳೆ ಮೂರೂ ಕೂಡಿದಲ್ಲಿ ಅಂಥ ಜಿಗುಟು ಮಣ್ಣು ಹುಟ್ಟುತ್ತದೆ. ಆ ಪದರಗಲ್ಲಿನಲ್ಲೂ ಹಳೆಯ ಲಾವಾ ಹಂಚಿಹೋಗಿದೆ ಎಂಬುದನ್ನು ನೆನೆದರೆ ಸಂಬಂಧ ಕಡಿದುಹೋಗುವುದಿಲ್ಲ, ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ಉತ್ತರದ ಎರಿಗೆ ಹತ್ತಿರದ ಅಜ್ಜನಿದ್ದಾನೆ, ಇಲ್ಲಿಯ ಎರಿಗೆ ಮುತ್ತಜ್ಜ. ಮಣ್ಣಿನ ಗುಣ ಎರಡು ಕಡೆಯೂ ಒಂದೇ ಆದ್ದರಿಂದ, ಒಕ್ಕಲಿಗನಿಗೂ ವ್ಯಾಪಾರಿಗೂ ಆ ವಂಶಾವಳಿಯ ಭೇದ ಎಂದೂ ಮುಖ್ಯವಾಗಿಲ್ಲ.

ಮೊದಲು ಕಲ್ಲನ್ನು ನೋಡೋಣ. ಬಾದಾಮಿಯ ಚಾಲುಕ್ಯರು ಆರರಿಂದ ಎಂಟನೆಯ ಶತಮಾನದವರೆಗೆ ಗುಡಿ ಕಟ್ಟಿದ್ದು ಮಲಪ್ರಭೆಯ ಕಣಿವೆಯ ಕೆಂಪು ಮರಳುಗಲ್ಲಿನಲ್ಲಿ. ಅದು ಒರಟು ಹರಳಿನ ಕಲ್ಲು, ದೊಡ್ಡ ಆಕೃತಿಗೆ ಒಗ್ಗುತ್ತದೆ, ಎಳೆಎಳೆಯಾದ ಕುಸುರಿಗೆ ಒಗ್ಗುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಆ ಕಲ್ಲು ಬಿಟ್ಟು ಧಾರವಾಡದ ಪದರದಲ್ಲಿ ಸಿಗುವ ಬಳಪದ ಕಲ್ಲಿಗೆ ಕೈ ಹಾಕಿದರು. ಹುಬ್ಬಳ್ಳಿಯಿಂದ ಗದಗಿನ ದಾರಿಯಲ್ಲಿರುವ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಈ ಬದಲಾವಣೆಯ ಮೊದಮೊದಲ ಸಾಕ್ಷಿಗಳಲ್ಲಿ ಒಂದು. ಅದರ ಕಾಲ ಸುಮಾರು 1050. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಉಳಿಗೆ ಬಾಗುವ ಆ ಗುಣ ಸಿಕ್ಕಮೇಲೆ ಕಟ್ಟಡದ ಕಲ್ಲುಗಳು ಚಿಕ್ಕವಾದವು, ಕಂಬಗಳನ್ನು ತಿರುಗಣೆಗೆ ಕೊಟ್ಟು ಬಳೆಬಳೆಯಾಗಿ ಕಡೆಯುವುದು ಸಾಧ್ಯವಾಯಿತು, ಬಾಗಿಲವಾಡದ ಬಳ್ಳಿಗಳು ದಾರದಷ್ಟು ಸಣ್ಣಗಾದವು. ಅದೇ ಕಲ್ಲು, ಅದೇ ಕೈಚಳಕ ಮುಂದಿನ ಶತಮಾನದಲ್ಲಿ ದಕ್ಷಿಣಕ್ಕೆ ಹೋಗಿ ಬೇಲೂರು, ಹಳೇಬೀಡುಗಳಾದವು. ಹೊಯ್ಸಳರ ಕೆತ್ತನೆಯ ಮುಂದೆ ಬೆರಗಾಗಿ ನಿಲ್ಲುವ ಪ್ರವಾಸಿ ಆ ಕಸುಬಿನ ಅಕ್ಷರಾಭ್ಯಾಸ ನಡೆದದ್ದು ಹುಬ್ಬಳ್ಳಿಯ ಸುತ್ತಲಿನ ಬೆಳವಲದಲ್ಲಿ ಎಂಬುದನ್ನು ತಿಳಿದಿರುವುದಿಲ್ಲ. ಉಣಕಲ್ಲಿನಲ್ಲಿ ಮನೆಗಳ ನಡುವೆ ಸಿಕ್ಕಿಕೊಂಡಂತಿರುವ, ನಾಲ್ಕೂ ದಿಕ್ಕಿಗೆ ಬಾಗಿಲಿಟ್ಟ ಚಂದ್ರಮೌಳೇಶ್ವರ ಗುಡಿಯನ್ನೂ ಅಮರಗೋಳದ ಶಂಕರಲಿಂಗ ಗುಡಿಯನ್ನೂ ಆ ಶಾಲೆಯ ಮಕ್ಕಳೆಂದು ನೋಡಬೇಕು. ಎಲ್ಲಿಗೂ ಸೇರದ, ದಾರಿತಪ್ಪಿದ ಸ್ಮಾರಕಗಳಂತೆ ಅವನ್ನು ನೋಡುವುದು ಅನ್ಯಾಯ.

ಇನ್ನು ಮಣ್ಣು. ಎರಿಮಣ್ಣಿನ ಸ್ವಭಾವ ತಿಳಿಯದೆ ಹುಬ್ಬಳ್ಳಿಯ ಪೇಟೆ ಅರ್ಥವಾಗುವುದಿಲ್ಲ. ಮಳೆಗೆ ಅದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿನ ಪುಡಿ ಬಿರುಕಿಗೆ ಬಿದ್ದು ಹೊಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದ ಮಳೆ ನಿಂತ ಮೇಲೂ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ ಬೆಳೆಯುತ್ತವೆ. ಶಾಸನಗಳ ಕಾಲದಲ್ಲೇ ಅಣ್ಣಿಗೇರಿಯ ಸುತ್ತಲಿನ ನಾಡಿಗೆ ‘ಬೆಳ್ವೊಲ ಮುನ್ನೂರು’ ಎಂಬ ಹೆಸರಿತ್ತು. ಬೆಳೆಯುವ ಹೊಲದ ನಾಡು. ಧಾರವಾಡಕ್ಕೆ ಅಂಟಿಕೊಂಡ ನರೇಂದ್ರವಾದರೋ ಅಂದಿನ ಕುಂದೂರು, ಪಡುವಣ ಕಾಡಿನ ಕಡೆಗೆ ಚಾಚಿದ ‘ಹಲಸಿಗೆ ಹನ್ನೆರಡು ಸಾವಿರ’ಕ್ಕೆ ಸೇರಿತ್ತು. ಅಂದರೆ ಇಂದಿನ ಅವಳಿನಗರದ ಹತ್ತಿರದಲ್ಲೇ ಎರಡು ಹಳೆಯ ನಾಡುಗಳು ಮುಖಾಮುಖಿಯಾಗಿದ್ದವು. ಮಣ್ಣಿನ ಗೆರೆಯನ್ನೇ ಆಡಳಿತದ ಗೆರೆಯೂ ಹೆಚ್ಚುಕಡಿಮೆ ಹಿಂಬಾಲಿಸಿತ್ತು. ಒಂದು ಕಡೆ ಬೆಳೆ, ಇನ್ನೊಂದು ಕಡೆ ಮರ, ಮೆಣಸು, ಘಟ್ಟದ ದಾರಿ. ಎರಡೂ ಕೈ ಬದಲಾಯಿಸಲು ನಡುವೆ ಒಂದು ಸಂತೆ ಬೇಕಿತ್ತು. ಹುಬ್ಬಳ್ಳಿ ಆ ಸಂತೆಯಾಗಿ ಬೆಳೆಯಿತು.

ವಿಜಯನಗರದ ಕಾಲಕ್ಕಾಗಲೇ ಇಲ್ಲಿಂದ ಹತ್ತಿ, ಪೆಟ್ಲುಪ್ಪು, ಕಬ್ಬಿಣ ಹೊರಗೆ ಹೋಗುತ್ತಿದ್ದವು. ಮೂರೂ ನೆಲದಿಂದ ಬಂದ ಸರಕು ಎಂಬುದನ್ನು ಗಮನಿಸಬೇಕು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಬಟ್ಟೆ ಕೊಳ್ಳಲು ಮಳಿಗೆ ಇಟ್ಟಿತ್ತು. 1673ರಲ್ಲಿ ಶಿವಾಜಿಯ ಸರದಾರ ಅಣ್ಣಾಜಿ ದತ್ತೋ ಪೇಟೆಯನ್ನು ಸೂರೆ ಮಾಡಿದಾಗ ಆ ಮಳಿಗೆಯೂ ಉಳಿಯಲಿಲ್ಲ. ಸೂರೆ ಮಾಡುವವರು ಬರಿಗೈಯಲ್ಲಿರುವ ಊರಿಗೆ ಬರುವುದಿಲ್ಲ. ಆ ದಾಳಿಯೇ ಪೇಟೆಯ ಸಂಪತ್ತಿಗೆ ದಾಖಲೆ. ಮುಂದೆ ಸವಣೂರಿನ ನವಾಬರ ಆಳ್ವಿಕೆಯಲ್ಲಿ ಹಳೆ ಹುಬ್ಬಳ್ಳಿಯ ಪಕ್ಕ ಮಜೀದಪುರ ಎಂಬ ಹೊಸ ಬಡಾವಣೆ ಎದ್ದಿತು. ಬಸಪ್ಪ ಶೆಟ್ಟರ್ ಎಂಬ ವರ್ತಕ ದುರ್ಗದ ಬೈಲಿನ ಸುತ್ತ ಹೊಸ ಪೇಟೆ ಕಟ್ಟಿದರು. ಇಂದು ಸಂಜೆ ಗಿರಮಿಟ್ಟು, ಮಿರ್ಚಿ ತಿನ್ನಲು ಜನ ನೆರೆಯುವ ದುರ್ಗದ ಬೈಲು ಹುಟ್ಟಿದ್ದು ಹಾಗೆ: ಅರಸನ ಕೈಯಿಂದಲ್ಲ, ವ್ಯಾಪಾರಿಯ ಕೈಯಿಂದ. ಅರಮನೆ ಇಲ್ಲದ ಊರನ್ನು ಅರಮನೆಗಾಗಿ ಹುಡುಕಿದರೆ ಏನೂ ಸಿಗದು. ಹುಬ್ಬಳ್ಳಿಯ ಚರಿತ್ರೆಯ ಮುಖ್ಯ ಸ್ಮಾರಕ ಅದರ ಪೇಟೆಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಪೇಟೆಗೆ ಲೋಕದ ಕಣ್ಣು ಬಿತ್ತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದನೆಯ ಎಳೆಯ ಹತ್ತಿ ಬೇಕಾಗಿ, 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ತೋಟಗಾರರನ್ನು ಕರೆಸಿತು. ಅವರಲ್ಲೊಬ್ಬರಾದ ಮರ್ಸರ್ ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ತೆರೆದರು. ಅವರ ತೀರ್ಮಾನ ಸರ್ಕಾರಕ್ಕೆ ರುಚಿಸುವಂಥದ್ದಾಗಿರಲಿಲ್ಲ: ಅಮೆರಿಕದ ಸಾಗುವಳಿ ಪದ್ಧತಿ ಈ ನೆಲಕ್ಕೆ ಹೊಂದದು, ಹವೆಯನ್ನೂ ಮಣ್ಣನ್ನೂ ಬಲ್ಲ ಇಲ್ಲಿಯ ಒಕ್ಕಲಿಗ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ, ಪ್ರಯೋಗದ ಹೊಲಗಳಿಂದ ದುಡ್ಡು ದಂಡ. ಬೀಜ ಮಾತ್ರ ಉಳಿಯಿತು. ಈ ಎರಿಯಲ್ಲಿ ಒಗ್ಗಿದ ಆ ತಳಿ ‘ಧಾರವಾರ್-ಅಮೆರಿಕನ್’ ಎಂಬ ಹೆಸರಿನಲ್ಲಿ ಲಂಡನ್, ಲಿವರ್‌ಪೂಲ್ ಪೇಟೆಗಳಲ್ಲಿ ಮಾರಾಟವಾಯಿತು. ಇಲ್ಲಿಯದೇ ನಾಟಿ ಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರು ಬಿತ್ತು. ಕುಮಟೆಯಲ್ಲಿ ಹತ್ತಿ ಬೆಳೆದದ್ದರಿಂದ ಅಲ್ಲ, ಎರಿಯ ಚಕ್ಕಡಿಗಳು ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಸರಕನ್ನು ಹಡಗಿಗೆ ಕೊಡುತ್ತಿದ್ದುದರಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಬೆಲೆ ಏರಿತು, ಯುದ್ಧ ಮುಗಿದಾಗ ಕುಸಿಯಿತು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹುಬ್ಬಳ್ಳಿಗೆ ಬಂದು ಇಲ್ಲಿಯೇ ತನ್ನ ಕಾರ್ಯಾಗಾರ ಕಟ್ಟಿದ್ದಕ್ಕೂ, ಹಳಿ ಗೋವೆಯ ಮುರಗಾಂವ ಬಂದರಿನ ಕಡೆ ತಿರುಗಿದ್ದಕ್ಕೂ ಹಿಂದಿದ್ದ ದೊಡ್ಡ ಆಸೆ ಈ ಬಯಲಿನ ಹತ್ತಿಯೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮುಂದೆ ಫೋಟೊ ತೆಗೆಸಿಕೊಳ್ಳುವವರು, ಅಷ್ಟು ಉದ್ದದ ಕಟ್ಟೆ ಬೇಕಾಗುವಂಥ ಜಂಕ್ಷನ್ ಇಲ್ಲೇ ಏಕಾಯಿತು ಎಂದು ಒಮ್ಮೆ ಕೇಳಿಕೊಂಡರೆ ಉತ್ತರ ಕುಸುಗಲ್ಲಿನ ಹೊಲಕ್ಕೆ ಕರೆದೊಯ್ಯುತ್ತದೆ.

ಇಷ್ಟಕ್ಕೆ ಎರಡನೆಯ ಆಕ್ಷೇಪ ಏಳುತ್ತದೆ, ಮೊದಲನೆಯದಕ್ಕಿಂತ ಗಟ್ಟಿಯಾದದ್ದು. ಎರಿಯೇ ಊರು ಕಟ್ಟುವುದಾದರೆ ನವಲಗುಂದವೋ ಅಣ್ಣಿಗೇರಿಯೋ ಮಹಾನಗರವಾಗಬೇಕಿತ್ತು. ಅಲ್ಲಿಯ ಎರಿ ಇನ್ನೂ ಆಳ, ಇನ್ನೂ ಕಪ್ಪು. ಆಗಿಲ್ಲ. ಹಾಗಾದರೆ ಮಣ್ಣಿನ ಮಾತೆಲ್ಲ ಆದದ್ದನ್ನು ಆಮೇಲೆ ಹೊಂದಿಸಿ ಹೇಳುವ ಕತೆಯಲ್ಲವೇ? ಇದಕ್ಕೆ ಉತ್ತರ ‘ದಂಡೆ’ ಎಂಬ ಪದದಲ್ಲಿದೆ. ಎರಿಯ ನಡುಮಧ್ಯೆ ದೊಡ್ಡ ಊರು ಕಟ್ಟುವುದು ಕಷ್ಟ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಹೂತುಹೋಗುತ್ತದೆ, ಮನೆಯ ಅಡಿಪಾಯ ಉಬ್ಬಿ ತಗ್ಗಿ ಗೋಡೆ ಸೀಳುತ್ತದೆ, ಬಾವಿಯ ನೀರು ಸವಳು. ಮಸಾರಿಯ, ಅಂದರೆ ಕೆಂಪು ಮಣ್ಣಿನ ಗಟ್ಟಿ ನೆಲದ ಮೇಲೆ ನಿಂತು, ಎರಿಯ ಬೆಳೆಗೆ ಕೈ ಚಾಚುವ ಜಾಗವೇ ಪೇಟೆಗೆ ಅನುಕೂಲ. ನೀರು ಕೂಡ ಅದನ್ನೇ ಹೇಳುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ತಿರುಗಿ ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮೂಡಣ ಕಡೆಯ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ನೀರು ಎರಿಯ ಬಯಲನ್ನು ಹಾದು ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಅವಳಿನಗರ ನೀರಿನ ನಡುಬೈತಲೆಯ ಮೇಲಿದೆ. ಮನೆಗಳ ಚಾವಣಿಯಲ್ಲೂ ಆ ಗೆರೆ ಇತ್ತು: ಧಾರವಾಡದಿಂದ ಪಡುವಣಕ್ಕೆ ಇಳಿಜಾರಿನ ಹಂಚಿನ ಮನೆ, ಹುಬ್ಬಳ್ಳಿಯಿಂದ ಮೂಡಣಕ್ಕೆ ಮೇಲ್ಮುದ್ದೆಯ ಮಾಳಿಗೆ ಮನೆ. ಕಾಂಕ್ರೀಟು ಬಂದು ಆ ಭೇದವನ್ನು ಅಳಿಸುತ್ತಿದ್ದರೂ ಹಳೆಯ ಓಣಿಗಳಲ್ಲಿ ಇನ್ನೂ ಕಾಣುತ್ತದೆ.

ಕಿಲ್ಲೆಯ ಕತೆಯೂ ದಂಡೆಯದೇ. ಧಾರವಾಡ ಎಂಬ ಹೆಸರನ್ನು ಬಾಗಿಲಿನೊಂದಿಗೆ, ದ್ವಾರದೊಂದಿಗೆ ಜೋಡಿಸುವ ವಾಡಿಕೆಯಿದೆ. ವ್ಯುತ್ಪತ್ತಿಯ ಜಗಳ ಏನೇ ಇರಲಿ, ಊರಿನ ಕೆಲಸ ಮಾತ್ರ ಬಾಗಿಲಿನದೇ. ಆದಿಲ್‌ಶಾಹಿಗಳು 1573ರಲ್ಲಿ ಇಲ್ಲಿಯ ಕಿಲ್ಲೆಯನ್ನು ಹಿಡಿದರು. ಆಮೇಲೆ ಮೊಘಲರು, ಮರಾಠರು, ಹೈದರಾಲಿ, ಟಿಪ್ಪು ಸರದಿಯ ಮೇಲೆ ಬಂದರು. 1790ರ ಸೆಪ್ಟೆಂಬರ್‌ನಿಂದ 1791ರ ಏಪ್ರಿಲ್‌ವರೆಗೆ ಪರಶುರಾಮ ಭಾವು ಪಟವರ್ಧನರ ಸೈನ್ಯ, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ ಕಿಲ್ಲೆಯನ್ನು ಮುತ್ತಿದವು; ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಅಷ್ಟು ಕಾಲವೂ ತಡೆದು ನಿಂತನು. ಬಯಲಿನ ಬೆಳೆಯನ್ನೂ ಘಟ್ಟದ ದಾರಿಯನ್ನೂ ಒಟ್ಟಿಗೆ ಕಾಯುವ ಜಾಗಕ್ಕಾಗಿಯೇ ಅಷ್ಟು ಹಟ. ಇಂದು ಅಲ್ಲಿ ಉಳಿದಿರುವುದು ಹೆಬ್ಬಾಗಿಲು ಮತ್ತು ಅಳಿದುಳಿದ ಕಂದಕ. ಗೋಡೆಗಳ ವೈಭವ ನೋಡಬಯಸುವವರಿಗೆ ನಿರಾಸೆಯಾದೀತು. ಜಾಗದ ಜಾಣ್ಮೆ ನೋಡುವವರಿಗೆ ಬಾಗಿಲು ಸಾಕು.

ಮೂರನೆಯ ಆಕ್ಷೇಪ ಸಂಸ್ಕೃತಿಯ ಪರವಾಗಿ ಬರುತ್ತದೆ. ಅವಳಿನಗರದ ನಿಜವಾದ ಹೆಮ್ಮೆ ಬೇಂದ್ರೆ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ. ಇವರನ್ನೆಲ್ಲ ಮಣ್ಣಿನ ಲೆಕ್ಕಕ್ಕೆ ಹಾಕುವುದು ಅಪಚಾರವಲ್ಲವೇ? ಇಲ್ಲಿ ವಾದ ತನ್ನ ಮಿತಿಯನ್ನು ಒಪ್ಪಿಕೊಳ್ಳಬೇಕು. ಎರಿಮಣ್ಣು ಕವಿತೆ ಬರೆಯುವುದಿಲ್ಲ. ಒಬ್ಬ ಬೇಂದ್ರೆ ಏಕೆ ಹುಟ್ಟಿದರೆಂದು ಯಾವ ಭೂವಿಜ್ಞಾನವೂ ಹೇಳಲಾರದು. ಆದರೆ ಕವಿಗಳು, ಗಾಯಕರು, ಮೇಷ್ಟ್ರುಗಳು ಒಂದೇ ಊರಿನಲ್ಲಿ ಏಕೆ ನೆರೆದರು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ನೆಲದಲ್ಲಿ ಅರ್ಧ ಉತ್ತರವಿದೆ. ಹತ್ತಿಯ ಕಂದಾಯ ತರುವ ಜಿಲ್ಲೆಗೆ ತಂಪಾದ ಎತ್ತರದ ಮೇಲೆ ಕಚೇರಿ ಬೇಕಿತ್ತು. 1818ರ ನಂತರ ಕಂಪನಿ ಧಾರವಾಡವನ್ನು ಆಡಳಿತದ ಕೇಂದ್ರ ಮಾಡಿಕೊಂಡಿತು. ಕಚೇರಿಯ ಬೆನ್ನಿಗೆ ಶಾಲೆ ಬಂತು: ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು, ಅದೇ ಮಿಶನ್ನಿನ ಕಿಟೆಲ್ ಕನ್ನಡ ಕಲಿಯುತ್ತ ಕೆಲಸ ಮಾಡಿದ ಊರುಗಳಲ್ಲಿ ಧಾರವಾಡವೂ ಒಂದು, ಡೆಪ್ಯುಟಿ ಚನ್ನಬಸಪ್ಪನವರು ಟ್ರೇನಿಂಗ್ ಕಾಲೇಜಿನಿಂದ ಕನ್ನಡ ಮೇಷ್ಟ್ರುಗಳನ್ನು ಹಳ್ಳಿಹಳ್ಳಿಗೆ ಕಳಿಸಿದರು. 1917ರಲ್ಲಿ ಕರ್ನಾಟಕ ಕಾಲೇಜು, 1950ರ ಜನವರಿಯಲ್ಲಿ ಆಕಾಶವಾಣಿ, ಅದೇ ವರ್ಷ ಮುಂಬೈಯಿಂದ ಬಂದ ಕರ್ನಾಟಕ ವಿಶ್ವವಿದ್ಯಾಲಯ ಅದರ ಮುಂದುವರಿಕೆ. ಸಂಗೀತವೂ ದಾರಿಯ ಕೊಡುಗೆ: ಮಿರಜದಿಂದ ಮೈಸೂರಿನ ಅರಮನೆಗೆ ಹೋಗಿ ಬರುತ್ತಿದ್ದ ಗಾಯಕ ಅಬ್ದುಲ್ ಕರೀಂ ಖಾನರು ನಡುವೆ ಈ ಊರುಗಳಲ್ಲಿ ತಂಗಿದರು, ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು, ಗಂಗೂಬಾಯಿಯವರು ಸವಾಯಿ ಗಂಧರ್ವರ ಶಿಷ್ಯೆಯಾದರು. ಹತ್ತಿಗಾಗಿ ಹಾಕಿದ ಹಳಿಯ ಮೇಲೆ ಅವರ ಕಿರಾಣಾ ಘರಾಣೆಯೂ ಓಡಾಡಿತು. ನೆಲ ಪ್ರತಿಭೆಯನ್ನು ಕೊಡದಿದ್ದರೂ ಪ್ರತಿಭೆ ತಂಗುವ ಕಟ್ಟೆಯನ್ನು ಕೊಟ್ಟಿತು.

ಪೇಢೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಭಾರತದ ಉನ್ನಾವ್‌ನಿಂದ ವಲಸೆ ಬಂದ ಠಾಕೂರ್ ಮನೆತನ ತನ್ನ ಕಸುಬನ್ನು ಜೊತೆಗೆ ತಂದಿತು; ಹಾಲನ್ನು ತರಲಿಲ್ಲ. ಹಾಲು ಇಲ್ಲಿಯ ಗವಳಿಗರ ಎಮ್ಮೆಗಳದು, ಎಮ್ಮೆಯ ಮೇವು ಹಿಂಗಾರಿ ಜೋಳದ ಕಣಕಿ, ಕಣಕಿ ಎರಿಯದು. ಕೈಚಳಕ ಗಂಗೆಯ ಬಯಲಿನದಾದರೂ ಖೋವಾ ಈ ನೆಲದ್ದೇ. ಒಂದು ಊರಿನ ಗುರುತೆಂದು ನಾವು ಹಿಡಿದು ತೋರಿಸುವ ತಿಂಡಿ ಹೊರಗಿನವರ ವಿದ್ಯೆಯೂ ಒಳಗಿನ ಮಣ್ಣೂ ಕೂಡಿ ಆದದ್ದು ಎಂಬುದು ಮರೆಯಬಾರದ ಸಂಗತಿ.

ಇಷ್ಟೆಲ್ಲವನ್ನು ಪಂಡಿತರು ಹೇಳುವುದಕ್ಕೆ ಬಹಳ ಮೊದಲೇ ಊರಿನ ಜನ ತಮ್ಮದೇ ರೀತಿಯಲ್ಲಿ ಬಲ್ಲವರಾಗಿದ್ದರು. ಕಾರಹುಣ್ಣಿಮೆಯ ನಂತರ ಬರುವ ಮಣ್ಣೆತ್ತಿನ ಅಮಾವಾಸ್ಯೆಯ ದಿನ ಎರಿಮಣ್ಣನ್ನು ಕಲಸಿ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಅದೇ ಮಣ್ಣಿನ ಗುಳ್ಳವ್ವ. ಎಳ್ಳ ಅಮಾವಾಸ್ಯೆಗೆ ಹಿಂಗಾರಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ ನೆಲಕ್ಕೆ ಉಣಬಡಿಸುತ್ತಾರೆ. ಬಿತ್ತನೆಯ ಹೊತ್ತಿಗೆ ಎತ್ತು ದೇವರು, ಬೆಳೆ ತುಂಬಿದಾಗ ಹೊಲ ದೇವರು. ವೆಸೂವಿಯಸ್ಸಿನ ತಪ್ಪಲಿನವರು ಬೆಟ್ಟ ಮುನಿಯದಿರಲೆಂದು ಸಂತರಿಗೆ ಹರಕೆ ಹೊರುತ್ತಾರೆ. ಇಲ್ಲಿಯ ಬೆಂಕಿ ಮುನಿಯುವ ಕಾಲ ಕಳೆದು ಕೋಟ್ಯಂತರ ವರ್ಷಗಳಾಗಿವೆ. ಅದರ ಬೂದಿಯೋ ಕಲ್ಲೋ ಮಣ್ಣಾಗಿ, ಮಣ್ಣು ಎತ್ತಾಗಿ, ವರ್ಷಕ್ಕೊಮ್ಮೆ ಜಗುಲಿಯ ಮೇಲೆ ಕೂರುತ್ತದೆ.

ಮಣ್ಣಿನ ಕತೆ ಮುಗಿದುಹೋದದ್ದೂ ಅಲ್ಲ. ಧಾರವಾಡದ ಎತ್ತಿನಗುಡ್ಡದಲ್ಲಿ 1947ರಲ್ಲಿ ಶುರುವಾದ ಕೃಷಿ ಕಾಲೇಜು 1986ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. ಬಿ. ಎಚ್. ಕಟರಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ‘ವರಲಕ್ಷ್ಮಿ’ ತಳಿಯನ್ನು ಕೊಟ್ಟದ್ದು ಧಾರವಾಡದಲ್ಲೇ. ಎರಡು ಜಾತಿಗಳ ಬೆರಕೆಯಿಂದ ಬಂದು ವಾಣಿಜ್ಯದ ಮಟ್ಟಕ್ಕೆ ಏರಿದ ಮೊದಲ ಹತ್ತಿ ಅದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತದೆ; ಧಾರವಾಡದ ಹತ್ತಿರದ ಗರಗವೂ ಧ್ವಜದ ಬಟ್ಟೆಗೆ ಹೆಸರಾದ ಊರು. ಮರ್ಸರ್ ಅವರಿಗೆ ಪಾಠ ಕಲಿಸಿದ ಒಕ್ಕಲಿಗರ ನಾಡಿನಲ್ಲಿ ದೇಶದ ಬಾವುಟ ಸಿದ್ಧವಾಗುವುದು ಆಕಸ್ಮಿಕ ಎನ್ನಲಾಗದು. ಪ್ರವಾಸಿ ಕೈಪಿಡಿಯಲ್ಲಿ ಬೆಂಗೇರಿ ಸಿಗುವುದು ಮಾತ್ರ ಕಷ್ಟ.

1962ರಲ್ಲಿ ಎರಡೂ ಊರನ್ನು ಸೇರಿಸಿ ಒಂದೇ ಪಾಲಿಕೆ ಮಾಡಿದರು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 9,43,788. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂಬ ಕೂಗಿಗೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಕಚೇರಿ ಒಂದಿರಲಿ ಎರಡಿರಲಿ, ಇವೆರಡೂ ಒಂದು ಗೆರೆಯ ಎರಡು ಬದಿಯ ಊರುಗಳು. ಒಂದರ ಕಚೇರಿಯಿಲ್ಲದೆ ಇನ್ನೊಂದರ ಪೇಟೆಯಿಲ್ಲ. ಪಾಲಿಕೆಯಾಗಲಿ ಪ್ರವಾಸೋದ್ಯಮ ಇಲಾಖೆಯಾಗಲಿ ಮಾಡಬಹುದಾದದ್ದು ಬಹಳ ದುಬಾರಿಯದೇನಲ್ಲ. ಗುಡಿಗಳ ಮುಂದಿನ ಫಲಕದಲ್ಲಿ ಅರಸನ ಹೆಸರಿನ ಜೊತೆ ಕಲ್ಲಿನ ಹೆಸರನ್ನೂ ಬರೆಯಲಿ. ಸೋಮೇಶ್ವರದಲ್ಲಿ ನೀರು ಯಾವ ಕಡಲಿಗೆ ಹೋಗುತ್ತದೆಂದು ಹೇಳಲಿ. ಕುಸುಗಲ್ಲಿನ ಹತ್ತಿಯ ಕತೆಗೆ, ಬೆಂಗೇರಿಯ ಬಾವುಟಕ್ಕೆ ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಒಂದೊಂದು ಸಾಲು ಕೊಡಲಿ. ಅಷ್ಟು ಆಗುವವರೆಗೆ ಓದುಗರು ಕಾಯಬೇಕಿಲ್ಲ. ಧಾರವಾಡದಲ್ಲಿ ಚಿಗರಿ ಎಂಬ ನಗರ ಬಸ್ಸು ಹತ್ತಿ ಹುಬ್ಬಳ್ಳಿಗೆ ಇಳಿದು ನವಲಗುಂದದ ಬಸ್ಸು ಹಿಡಿಯಿರಿ, ಕಿಟಕಿಯ ಪಕ್ಕ ಕೂರಿ. ಊರು ಮುಗಿದ ಸ್ವಲ್ಪ ಹೊತ್ತಿಗೆ ಹೊಲದ ಬಣ್ಣ ಬದಲಾಗುತ್ತದೆ. ಅದು ಎಲ್ಲಿ ಬದಲಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಈ ಊರುಗಳ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.